ಪುಕ್ಕಟೆ ನೀರಿನ ಬೆಲೆ: ಒಂದು ಹತ್ತಿಗಿರಣಿಯ ಪ್ರಕರಣ ಅಧ್ಯಯನ

ಭೂಮಿ, ಶ್ರಮ, ಬಂಡವಾಳ, ಸಂಘಟನೆ ಎಂಬ ನಾಲ್ಕು ಉತ್ಪಾದನಾಂಗಗಳನ್ನೂ, ಅವಕ್ಕೆ ಸಲ್ಲುವ ಗೇಣಿ, ಕೂಲಿ, ಬಡ್ಡಿ, ಲಾಭ ಎಂಬ ನಾಲ್ಕು ಪ್ರತಿಫಲಗಳನ್ನೂ ಅರ್ಥಶಾಸ್ತ್ರದ ಮೊದಲ ಪಾಠದಲ್ಲಿಯೇ ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ. ಈ ನಾಲ್ಕನ್ನು ತಂದು ಒಂದೆಡೆ ಕೂಡಿಸಿದರೆ ಕಾರ್ಖಾನೆಯೊಂದು ಸಿದ್ಧವಾಗುತ್ತದೆ ಎಂಬ ಭಾವನೆಯೂ ಆ ಪಾಠದ ಜೊತೆಯಲ್ಲಿಯೇ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಆದರೆ ಕೈಗಾರಿಕಾ ಕ್ರಾಂತಿಯ ಕಾಲದ ಗಿರಣಿಗಳ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಕಾಣುವುದು ಬೇರೆಯದೇ ಚಿತ್ರ. ಒಂದು ಅಂಗ ಅಗ್ಗವಾಗಿ ಸಿಕ್ಕಿದ ಜಾಗದಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ. ಆ ಇನ್ನೊಂದನ್ನು ಅಲ್ಲಿಗೆ ತಂದು ನಿಲ್ಲಿಸುವಷ್ಟರಲ್ಲಿ ಮೂರನೆಯದರ ವೆಚ್ಚ ಏರಿರುತ್ತಿತ್ತು. ಹೀಗೆ ಕೊರತೆಯು ಒಂದು ಅಂಗದಿಂದ ಮತ್ತೊಂದಕ್ಕೆ ಹೇಗೆ ಸರಿಯುತ್ತಾ ಹೋಯಿತು ಎಂಬುದನ್ನು ಉತ್ತರ ಇಂಗ್ಲೆಂಡಿನ ಒಂದೇ ಒಂದು ಗಿರಣಿಯ ಮೂಲಕ ತೋರಿಸುವುದು ಈ ಬರಹದ ಉದ್ದೇಶ. ಗಿರಣಿಯ ಹೆಸರನ್ನೂ, ಅದು ನಿಂತ ನದಿಯ ಹೆಸರನ್ನೂ, ಮಾಲೀಕರ ಮತ್ತು ಕೆಲಸಗಾರರ ಹೆಸರುಗಳನ್ನೂ ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಮುಖ್ಯವಾದವು ಅವರು ತೆಗೆದುಕೊಂಡ ನಿರ್ಧಾರಗಳು.

ಹಿನ್ನೆಲೆ

ಗಿರಣಿಯ ಸ್ಥಾಪಕ ಬೆಳೆದದ್ದು ಮ್ಯಾಂಚೆಸ್ಟರಿನಲ್ಲಿ, ಬಟ್ಟೆ ವ್ಯಾಪಾರಿಯಾಗಿದ್ದ ಸೋದರಮಾವನ ಆಶ್ರಯದಲ್ಲಿ. ಆ ವ್ಯಾಪಾರವು ಮನೆಮನೆಗೆ ಕೆಲಸ ಹಂಚುವ ಪದ್ಧತಿಯದು. ವ್ಯಾಪಾರಿಯು ನಾರನ್ನೋ ನೂಲನ್ನೋ ಕೊಂಡು ಹಳ್ಳಿಯ ಮನೆಗಳಿಗೆ ಕೊಡುತ್ತಿದ್ದನು; ಮನೆಯವರು ತಮ್ಮದೇ ರಾಟೆಯಲ್ಲಿ ನೂತು, ತಮ್ಮದೇ ಮಗ್ಗದಲ್ಲಿ ನೇಯ್ದು ಹಿಂದಿರುಗಿಸುತ್ತಿದ್ದರು; ಕೂಲಿಯು ಮಾಡಿದ ಕೆಲಸದ ಲೆಕ್ಕಕ್ಕೆ ಸಲ್ಲುತ್ತಿತ್ತು. ಈ ವ್ಯವಸ್ಥೆಯಲ್ಲಿ ವ್ಯಾಪಾರಿಗೆ ಕಟ್ಟಡ ಬೇಕಿರಲಿಲ್ಲ, ಯಂತ್ರ ಬೇಕಿರಲಿಲ್ಲ. ಅವನ ಬಂಡವಾಳವೆಲ್ಲ ದಾರಿಯ ಮೇಲಿರುವ ಸರಕಿನ ರೂಪದಲ್ಲಿಯೇ ಇರುತ್ತಿತ್ತು. ವ್ಯಾಪಾರ ಕುಗ್ಗಿದ ವರ್ಷ ಅವನು ಸರಕು ಹಂಚುವುದನ್ನು ನಿಲ್ಲಿಸಿದರೆ ಸಾಕಾಗಿತ್ತು, ನಷ್ಟದ ಬಹುಭಾಗ ಹಳ್ಳಿಯ ಮನೆಗಳ ಮೇಲೆ ಬೀಳುತ್ತಿತ್ತು.

ಆದರೆ ಕೆಲಸದ ವೇಗವೂ ಗುಣಮಟ್ಟವೂ ಅವನ ಹಿಡಿತದಲ್ಲಿರಲಿಲ್ಲ. ಸುಗ್ಗಿ ಬಂದರೆ ರಾಟೆಗಳು ನಿಲ್ಲುತ್ತಿದ್ದವು. ಕೊಟ್ಟ ತೂಕಕ್ಕೂ ಮರಳಿ ಬಂದ ತೂಕಕ್ಕೂ ತಾಳೆಯಾಗುತ್ತಿರಲಿಲ್ಲ. ಹಂಚಿದ ಸರಕನ್ನು ಅಪಹರಿಸುವವರಿಗೆ ಶಿಕ್ಷೆ ವಿಧಿಸುವ ಕಾಯಿದೆಗಳನ್ನು 18ನೆಯ ಶತಮಾನದುದ್ದಕ್ಕೂ ಪಾರ್ಲಿಮೆಂಟು ಮತ್ತೆ ಮತ್ತೆ ತರಬೇಕಾಯಿತೆಂಬುದೇ ಈ ತೊಂದರೆ ಎಷ್ಟು ಆಳವಾಗಿತ್ತೆಂಬುದಕ್ಕೆ ಸಾಕ್ಷಿ. 1733ರಲ್ಲಿ ಜಾನ್ ಕೇ ಹಾರುವ ಲಾಳಿಗೆ ಪೇಟೆಂಟ್ ಪಡೆದ ಮೇಲೆ ನೇಕಾರರ ವೇಗ ಹೆಚ್ಚಿತು, ನೂಲುವವರ ವೇಗ ಹೆಚ್ಚಲಿಲ್ಲ. ಒಂದು ಮಗ್ಗಕ್ಕೆ ನೂಲು ಒದಗಿಸಲು ಹಲವು ರಾಟೆಗಳು ತಿರುಗಬೇಕಾಗಿದ್ದ ಆ ಕಾಲದಲ್ಲಿ ನೂಲಿನ ಬರ ಎಂಬುದು ಬಟ್ಟೆ ವ್ಯಾಪಾರದ ನಿತ್ಯದ ಮಾತಾಯಿತು. ಹಾರ್ಗ್ರೀವ್ಸ್‌ನ ಸ್ಪಿನ್ನಿಂಗ್ ಜೆನ್ನಿ ಎಂಬ ನೂಲುವ ಯಂತ್ರವು ಹೊಕ್ಕಿನ, ಅಂದರೆ ಬಟ್ಟೆಯ ಅಡ್ಡ ಎಳೆಯ, ನೂಲನ್ನು ಹೆಚ್ಚಿಸಿತು; 1769ರಲ್ಲಿ ಪೇಟೆಂಟ್ ಪಡೆದ ಆರ್ಕ್‌ರೈಟ್‌ನ ವಾಟರ್ ಫ್ರೇಮ್ ಎಂಬ ನೂಲುವ ಯಂತ್ರವು ಬಟ್ಟೆಯ ಉದ್ದ ಎಳೆಯಾದ ಹಾಸುನೂಲಿಗೆ ಒದಗುವಷ್ಟು ಗಟ್ಟಿಯಾದ ಹತ್ತಿನೂಲನ್ನು ಕೊಟ್ಟಿತು. ಜೆನ್ನಿಯನ್ನು ಮನೆಯ ಮೂಲೆಯಲ್ಲಿಟ್ಟು ಕೈಯಿಂದ ತಿರುಗಿಸಬಹುದಿತ್ತು, ವಾಟರ್ ಫ್ರೇಮನ್ನು ಹಾಗೆ ನಡೆಸಿ ಲಾಭ ಮಾಡುವುದು ಆಗದ ಮಾತಾಗಿತ್ತು. ಅದಕ್ಕೆ ಹೊರಗಿನ ಶಕ್ತಿ ಬೇಕು, ಶಕ್ತಿ ಇರುವ ಕಡೆ ಕಟ್ಟಡ ಬೇಕು, ಕಟ್ಟಡಕ್ಕೆ ಜನ ಬರಬೇಕು. ನೂಲುವ ಕೆಲಸವು ಮನೆಯನ್ನು ಬಿಟ್ಟು ಹೊರಟದ್ದು ಈ ತಾಂತ್ರಿಕ ಕಾರಣದಿಂದ ಎಂಬುದನ್ನು ಗಮನಿಸಬೇಕು.

1721ರಿಂದ ಇಂಗ್ಲೆಂಡಿನಲ್ಲಿ ಅಚ್ಚಿನ ಹತ್ತಿಬಟ್ಟೆಗಳ ಮೇಲಿದ್ದ ನಿರ್ಬಂಧ 1774ರಲ್ಲಿ ರದ್ದಾಯಿತು. ವಾಟರ್ ಫ್ರೇಮಿನ ಪೇಟೆಂಟ್ ಅವಧಿ 14 ವರ್ಷ ತುಂಬಿ 1783ರಲ್ಲಿ ಮುಗಿಯಿತು. ನಮ್ಮ ಪ್ರಕರಣದ ಗಿರಣಿ ಶುರುವಾದದ್ದು 1784ರಲ್ಲಿ. ಆ ವರ್ಷ ಆಕಸ್ಮಿಕವಲ್ಲ: ಅಷ್ಟರಲ್ಲಿ ಆ ಯಂತ್ರವನ್ನು ಯಾರು ಬೇಕಾದರೂ ಬಳಸಬಹುದಾಗಿತ್ತು.

ಬಂಡವಾಳ ಎಲ್ಲಿಂದ ಬಂತು

ಆ ಕಾಲದ ಕಾನೂನಿನಲ್ಲಿ ಸಾಮಾನ್ಯ ವ್ಯಾಪಾರಿಗೆ ಷೇರು ಕಂಪನಿ ಕಟ್ಟುವ ದಾರಿ ಇರಲಿಲ್ಲ. 1720ರ ಬಬಲ್ ಕಾಯಿದೆ ಅದನ್ನು ತಡೆದಿತ್ತು. ಪಾಲುದಾರರು ತಮ್ಮ ಸಂಸ್ಥೆಯ ಸಾಲಕ್ಕೆ ಮನೆಮಠ ಸಮೇತ ಹೊಣೆಯಾಗಬೇಕಿತ್ತು, ಬಡ್ಡಿಗೆ ಶೇಕಡಾ 5ರ ಮಿತಿಯಿತ್ತು. ಹೀಗಾಗಿ ಗಿರಣಿ ಕಟ್ಟುವವನಿಗೆ ಹಣ ಸಿಗುತ್ತಿದ್ದದ್ದು ನೆಂಟರಿಂದ, ಪಾಲುದಾರರಿಂದ, ಇಲ್ಲವೇ ಹಳೆಯ ವ್ಯಾಪಾರದ ಉಳಿತಾಯದಿಂದ. ನಮ್ಮ ಸ್ಥಾಪಕನಿಗೆ ಸೋದರಮಾವನ ವ್ಯಾಪಾರವೇ ಆಸ್ತಿಯಾಗಿ ಬಂತು. ಹಂಚುವ ಪದ್ಧತಿಯಲ್ಲಿ ಕೂಡಿದ ಹಣವೇ ಆ ಪದ್ಧತಿಯನ್ನು ಮುಗಿಸುವ ಯಂತ್ರಕ್ಕೆ ಮೂಲಧನವಾಯಿತು.

ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಈ ಕುಟುಂಬಕ್ಕೆ ಕೆರಿಬಿಯನ್ ದ್ವೀಪವೊಂದರಲ್ಲಿ ಗುಲಾಮರಿಂದ ದುಡಿಸುತ್ತಿದ್ದ ತೋಟವಿತ್ತು. ಗಿರಣಿಗಳಿಗೆ ಬರುತ್ತಿದ್ದ ಅರಳೆಯೂ ಮೊದಲು ಬಹುಮಟ್ಟಿಗೆ ವೆಸ್ಟ್ ಇಂಡೀಸ್ ಮುಂತಾದ ಕಡೆಗಳಿಂದ, 1793ರಲ್ಲಿ ವಿಟ್ನಿಯ ಹತ್ತಿ ಬಿಡಿಸುವ ಯಂತ್ರ ಬಂದ ನಂತರ ಹೆಚ್ಚುಹೆಚ್ಚಾಗಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ, ಗುಲಾಮರ ದುಡಿಮೆಯಿಂದಲೇ ಬರುತ್ತಿತ್ತು. ಅವರ ಶ್ರಮ ಗಿರಣಿಯ ಲೆಕ್ಕದಲ್ಲಿ ಶ್ರಮವೆಂದು ಎಲ್ಲಿಯೂ ಕಾಣಿಸುವುದಿಲ್ಲ, ಕಚ್ಚಾಮಾಲಿನ ಖರೀದಿ ಬೆಲೆಯೊಳಗೆ ಅಡಗಿ ಕುಳಿತಿರುತ್ತದೆ. ಒಂದು ಗಿರಣಿಯ ನಾಲ್ಕು ಅಂಗಗಳನ್ನು ಅದರ ಗೋಡೆಯೊಳಗೆ ಮಾತ್ರ ಎಣಿಸಿದರೆ ಎಣಿಕೆಯೇ ತಪ್ಪಾಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸಮಸ್ಯೆ

1784ರಲ್ಲಿ ಶಕ್ತಿ ಎಂದರೆ ಹರಿಯುವ ನೀರು. ವಾಟ್‌ನ ಉಗಿಯಂತ್ರ ಆಗಲೇ ಗಣಿಗಳಲ್ಲಿ ನೀರೆತ್ತುತ್ತಿತ್ತಾದರೂ, ಚಕ್ರ ತಿರುಗಿಸುವ ಅದರ ರೂಪ ಹತ್ತಿಗಿರಣಿಯೊಂದನ್ನು ಮೊದಲು ನಡೆಸಿದ್ದು 1785ರಲ್ಲಿ. ಆದ್ದರಿಂದ ಸ್ಥಾಪಕನು ಮ್ಯಾಂಚೆಸ್ಟರಿನಿಂದ ಕೆಲವು ಮೈಲಿ ದೂರದ ಕಾಡುಕಣಿವೆಯಲ್ಲಿ, ಒಂದು ಸಣ್ಣ ನದಿ ಇಳಿಜಾರಾಗಿ ಹರಿಯುವ ಜಾಗವನ್ನು ಆರಿಸಿದನು. ಜಾಗ ಅವನದಲ್ಲ. ಶ್ರೀಮಂತ ಜಮೀನುದಾರನೊಬ್ಬನಿಂದ ಗೇಣಿಗೆ ಪಡೆದದ್ದು, ಸುತ್ತಲಿನ ಮರಗಳನ್ನು ಕಡಿಯಬಾರದು, ಕೊಂಬೆ ಸಹ ಸವರಬಾರದು ಎಂಬ ಷರತ್ತಿನೊಡನೆ.

ನೀರಿಗೆ ಕಲ್ಲಿದ್ದಲಿನಂತೆ ದಿನದಿನದ ಬೆಲೆಯಿಲ್ಲ. ಒಮ್ಮೆ ಅಡ್ಡಗಟ್ಟೆ ಕಟ್ಟಿ, ಕಾಲುವೆ ತೋಡಿ, ಚಕ್ರ ಕೂಡಿಸಿದರೆ ಅದು ಪುಕ್ಕಟೆಯಾಗಿ ದುಡಿಯುತ್ತದೆ. ಲೆಕ್ಕದ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟವೆನ್ನಿಸಬೇಕು. ಆದರೆ ನೀರು ರಭಸವಾಗಿ ಇಳಿಯುವ ಕಣಿವೆಗಳಲ್ಲಿ ಜನವಸತಿ ವಿರಳ. ಅಲ್ಲಿದ್ದ ಕೆಲವೇ ಮನೆಗಳವರಿಗೆ ಹೊಲದ ಕೆಲಸವಿತ್ತು, ಮನೆಯಲ್ಲಿಯೇ ಮಾಡುವ ನೂಲು–ನೇಯ್ಗೆಯ ಕೆಲಸವಿತ್ತು. ಬೆಳಗಾಗುವ ಮುನ್ನ ಗಂಟೆ ಬಾರಿಸಿದೊಡನೆ ಬಂದು, ಸಂಜೆಯವರೆಗೆ ಬೇರೊಬ್ಬನ ಯಂತ್ರದ ವೇಗಕ್ಕೆ ಕೈಯಾಡಿಸಬೇಕೆಂಬುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಇದನ್ನು ಅಂದಿನ ಅನೇಕ ಮಾಲೀಕರು ಸೋಮಾರಿತನವೆಂದು ಕರೆದರು. ತಮ್ಮ ದಿನದ ಹೊತ್ತನ್ನು ತಾವೇ ಹಂಚಿಕೊಂಡು ಬದುಕಿದವರು ಆ ಹಕ್ಕನ್ನು ಬಿಟ್ಟುಕೊಡಲು ಹಿಂಜರಿದದ್ದರಲ್ಲಿ ಸೋಮಾರಿತನವೇನಿದೆಯೋ ನನಗೆ ಕಾಣದು.

ಭೂಮಿಯ ಕೊರತೆ ನೀಗಿದ ಕೂಡಲೇ ಶ್ರಮದ ಕೊರತೆ ಎದ್ದು ನಿಂತಿತು.

ಕೈಗೊಂಡ ಕ್ರಮ

ಸ್ಥಾಪಕನ ಮುಂದೆ ಎರಡು ದಾರಿಗಳಿದ್ದವು: ಕೂಲಿ ಹೆಚ್ಚಿಸಿ ದೂರದ ಕುಟುಂಬಗಳನ್ನು ಕರೆತಂದು ಅವರಿಗೆ ಮನೆ ಕಟ್ಟಿಸುವುದು, ಅಥವಾ ಬಿಟ್ಟುಹೋಗಲಾರದ ಕೆಲಸಗಾರರನ್ನು ಹುಡುಕುವುದು. ಅವನು ಎರಡನೆಯದನ್ನು ಆರಿಸಿದನು. ಪ್ರಕರಣದ ಮೊದಲ ತಿರುವು ಇದು. ಇಂಗ್ಲೆಂಡಿನಲ್ಲಿ ಚರ್ಚಿನ ಸ್ಥಳೀಯ ಆಡಳಿತ ಘಟಕಗಳಾದ ಪ್ಯಾರಿಷ್‌ಗಳು ಅನಾಥ ಮತ್ತು ಕಡುಬಡವರ ಮಕ್ಕಳನ್ನು ಬಡವರ ಆಶ್ರಮಗಳಲ್ಲಿ ಸಾಕುತ್ತಿದ್ದವು. ಆ ಖರ್ಚು ತಪ್ಪಿಸಿಕೊಳ್ಳಲು ಮಕ್ಕಳನ್ನು ಕರಾರಿನ ಮೇಲೆ ಕೆಲಸ ಕಲಿಯುವ ಅಪ್ರೆಂಟಿಸ್‌ಗಳಾಗಿ ಗಿರಣಿಗಳಿಗೆ ಕೊಡಲು ಅವು ಸಿದ್ಧವಿದ್ದವು. ಕರಾರುಪತ್ರವಾದ ಮೇಲೆ ಮಗು ಪ್ರಾಯಕ್ಕೆ ಬರುವವರೆಗೆ ಗಿರಣಿಯನ್ನು ಬಿಡುವಂತಿರಲಿಲ್ಲ. ಕೂಲಿಯ ಬದಲು ಊಟ, ಬಟ್ಟೆ, ವಸತಿ. ವಾಟರ್ ಫ್ರೇಮಿನ ಮುಂದೆ ನಿಂತು ತುಂಡಾದ ಎಳೆಯನ್ನು ಜೋಡಿಸಲು, ನೂಲು ತುಂಬಿದ ಬಾಬಿನ್ ತೆಗೆದು ಖಾಲಿಯದನ್ನು ಹಾಕಲು ಸಣ್ಣ ಕೈಗಳೇ ಅನುಕೂಲ ಎಂಬ ಲೆಕ್ಕವೂ ಇದರ ಹಿಂದಿತ್ತು. 1790ರಲ್ಲಿ ಗಿರಣಿಯ ಹತ್ತಿರವೇ ಈ ಮಕ್ಕಳಿಗೆಂದು ಒಂದು ಮನೆ ಎದ್ದಿತು. 1800ರ ಹೊತ್ತಿಗೆ ಅಲ್ಲಿ ಸುಮಾರು 90 ಮಕ್ಕಳಿದ್ದರು, ಗಿರಣಿಯ ಕೆಲಸಗಾರರಲ್ಲಿ ಅವರದು ಹೆಚ್ಚುಕಡಿಮೆ ಅರ್ಧ ಪಾಲು.

ಈ ಮಾಲೀಕನು ಆ ಕಾಲದ ಅಳತೆಯಲ್ಲಿ ಕ್ರೂರನಲ್ಲ. ಮಕ್ಕಳನ್ನು ನೋಡಲು ವೈದ್ಯನನ್ನು ನೇಮಿಸಿದ್ದನು, ಕೆಲಸದ ನಂತರ ಓದು ಕಲಿಸುವ ಏರ್ಪಾಡಿತ್ತು, ತರಕಾರಿ ತೋಟವಿತ್ತು. ಆದುದರಿಂದಲೇ ಈ ಪ್ರಕರಣ ಕಲಿಕೆಗೆ ಹೆಚ್ಚು ಯೋಗ್ಯವೆಂದು ನನಗೆ ತೋರುತ್ತದೆ. ದುಷ್ಟ ಮಾಲೀಕನ ಗಿರಣಿಯಾಗಿದ್ದರೆ ತಪ್ಪನ್ನೆಲ್ಲ ಅವನ ಸ್ವಭಾವದ ಮೇಲೆ ಹೊರಿಸಿ ನಾವು ಸುಮ್ಮನಾಗಿಬಿಡಬಹುದಿತ್ತು.

1806ರಲ್ಲಿ ಇಬ್ಬರು ಹುಡುಗರು ಈ ಗಿರಣಿಯಿಂದ ತಪ್ಪಿಸಿಕೊಂಡು ತಮ್ಮ ಊರಾದ ಲಂಡನ್ನಿನ ಕಡೆಗೆ ಹೊರಟರು. ಸಿಕ್ಕಿಬಿದ್ದ ಮೇಲೆ ನ್ಯಾಯಾಧಿಕಾರಿಗಳ ಮುಂದೆ ಅವರು ಕೊಟ್ಟ ಹೇಳಿಕೆಗಳು ಉಳಿದುಬಂದಿವೆ. ಬೇಸಿಗೆಯಿರಲಿ ಚಳಿಗಾಲವಿರಲಿ ಬೆಳಗಿನ 6ರಿಂದ ಸಂಜೆ 7ರವರೆಗೆ ಕೆಲಸ. ಬೆಳಗಿನ ತಿಂಡಿಯನ್ನು ಗಿರಣಿಗೇ ತರುತ್ತಿದ್ದರು, ಅದಕ್ಕೆ 10 ನಿಮಿಷ ಬಿಡುವು. ಹಿರಿಯ ಹುಡುಗನ ಕೆಲಸ ಬಾಬಿನ್ ತೆಗೆಯುವುದು, ಯಂತ್ರಗಳಿಗೆ ಎಣ್ಣೆ ಹಾಕುವುದು. ಕೋಣೆಗಳು ಚೊಕ್ಕಟವಾಗಿದ್ದವು, ಒಂದು ಹಾಸಿಗೆಯಲ್ಲಿ ಇಬ್ಬರು ಮಲಗುತ್ತಿದ್ದರು, ತಿಂಗಳಿಗೊಮ್ಮೆ ಮಗ್ಗುಲುಹಾಸು ಬದಲಾಗುತ್ತಿತ್ತು, ಭಾನುವಾರ ಒಗೆದ ಅಂಗಿ. ದೂರು ಹೇಳುವಂಥದ್ದೇನೂ ಇರಲಿಲ್ಲವೆಂಬುದು ಅವರ ಮಾತಿನ ಧಾಟಿ. ಕಿರಿಯ ಹುಡುಗನ ಒಂದು ಬೆರಳು ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ಆ ಗಾಯದಿಂದ ಕೆಲಸವಿಲ್ಲದೆ ಇದ್ದ ದಿನಗಳಲ್ಲಿ ಅವನಿಗೆ ತಾಯಿಯ ನೆನಪು ಬಲವಾಗಿ ಕಾಡಿತು. ಓಡಿಹೋದದ್ದು ತಾಯಿಯನ್ನು ನೋಡುವುದಕ್ಕಾಗಿ.

ಉತ್ಪಾದನಾಂಗಗಳ ಪಟ್ಟಿಯನ್ನು ಎಷ್ಟು ಸಲ ಓದಿದರೂ ತಿಳಿಯದ ಒಂದು ವಿಷಯ ಈ ಹೇಳಿಕೆಯಲ್ಲಿ ತಿಳಿಯುತ್ತದೆ. ಜಮೀನನ್ನು ಗೇಣಿಗೆ ಪಡೆದಾಗ ಜಮೀನುದಾರ ಜೊತೆಗೆ ಬರುವುದಿಲ್ಲ, ಹಣವನ್ನು ಸಾಲ ತಂದಾಗ ಸಾಲ ಕೊಟ್ಟವನು ಬಂದು ಗಿರಣಿಯಲ್ಲಿ ಮಲಗುವುದಿಲ್ಲ. ಶ್ರಮವನ್ನು ತಂದಾಗ ಮಾತ್ರ ಮನುಷ್ಯ ಇಡಿಯಾಗಿ ಬರುತ್ತಾನೆ, ತನ್ನ ಬೆರಳುಗಳೊಡನೆ, ತನ್ನ ತಾಯಿಯ ನೆನಪಿನೊಡನೆ.

ಏನಾಯಿತು

ಅಪ್ರೆಂಟಿಸ್ ವ್ಯವಸ್ಥೆಯಿಂದ ಶ್ರಮದ ಸ್ವಭಾವವೇ ಬದಲಾಯಿತು. ಹಂಚುವ ಪದ್ಧತಿಯಲ್ಲಿ ಕೆಲಸವಾದರೆ ಮಾತ್ರ ಕೂಲಿ. ಇಲ್ಲಿ ಚಕ್ರ ತಿರುಗಲಿ ಬಿಡಲಿ 90 ಮಕ್ಕಳಿಗೆ ಮೂರು ಹೊತ್ತು ಊಟ ಹಾಕಲೇಬೇಕು. ಅಂದರೆ ಶ್ರಮವು ಕಟ್ಟಡ ಮತ್ತು ಯಂತ್ರಗಳಂತೆ ಸ್ಥಿರ ವೆಚ್ಚವಾಗಿ ಮಾರ್ಪಟ್ಟಿತು. ಬೇಸಿಗೆಯಲ್ಲಿ ನದಿ ಸೊರಗಿದಾಗ ಯಂತ್ರ ನಿಂತರೂ ಖರ್ಚು ನಿಲ್ಲುತ್ತಿರಲಿಲ್ಲ, ನೀರು ಬಂದ ಮೇಲೆ ಕಳೆದ ಹೊತ್ತನ್ನು ಹೆಚ್ಚು ಕೆಲಸದಿಂದ ತುಂಬಿಸಿಕೊಳ್ಳುವ ಒತ್ತಡ ಬೆಳೆಯುತ್ತಿತ್ತು. ನೀರನ್ನು ಅವಲಂಬಿಸಿದ ಗಿರಣಿಗಳಲ್ಲೆಲ್ಲ ಇದೇ ಕಥೆ. 1802ರ ಅಪ್ರೆಂಟಿಸ್ ಕಾಯಿದೆಯು ದಿನಕ್ಕೆ 12 ಗಂಟೆಯ ಮಿತಿಯನ್ನೂ, ಒಂದು ಹಾಸಿಗೆಗೆ ಇಬ್ಬರಿಗಿಂತ ಹೆಚ್ಚು ಮಕ್ಕಳು ಕೂಡದೆಂಬ ನಿಯಮವನ್ನೂ ತಂದಿತಾದರೂ ಅದನ್ನು ಜಾರಿಗೊಳಿಸಲು ಸಂಬಳದ ಇನ್‌ಸ್ಪೆಕ್ಟರುಗಳಿರಲಿಲ್ಲ.

ಹೀಗೆ ಕೊರತೆ ಮತ್ತೆ ಭೂಮಿಯ ಕಡೆಗೆ, ಅಂದರೆ ನೀರಿನ ಕಡೆಗೆ ಮರಳಿತು. 1810ರಲ್ಲಿ ನೀರು ಕಡಿಮೆಯಾದಾಗ ನೆರವಾಗಲೆಂದು ಸಣ್ಣದೊಂದು ಉಗಿಯಂತ್ರವನ್ನು ತಂದರು. ಎರಡನೆಯ ದೊಡ್ಡ ತಿರುವು ಬಂದದ್ದು ಇದರ ನಂತರ. ಆಗ ಮ್ಯಾಂಚೆಸ್ಟರಿನಲ್ಲಿ ಉಗಿಯ ಗಿರಣಿಗಳು ಸಾಲುಸಾಲಾಗಿ ಏಳುತ್ತಿದ್ದವು. 1761ರಲ್ಲಿಯೇ ಬ್ರಿಡ್ಜ್‌ವಾಟರ್ ಕಾಲುವೆ ಆ ಊರಿಗೆ ಕಲ್ಲಿದ್ದಲನ್ನು ಅಗ್ಗಮಾಡಿತ್ತು. ಕೆಲಸ ಹುಡುಕುವ ಜನ ತಾವಾಗಿಯೇ ಅಲ್ಲಿಗೆ ಬರುತ್ತಿದ್ದರು. ಅವರಿಗೆ ಮನೆ ಕಟ್ಟಿಸುವ, ಅಂಗಡಿ ಇಡಿಸುವ, ಶಾಲೆ ನಡೆಸುವ ಹೊಣೆ ಗಿರಣಿಯ ಮಾಲೀಕನದಾಗಿರಲಿಲ್ಲ. ಕಣಿವೆಯ ಮಾಲೀಕನು ಕಲ್ಲಿದ್ದಲಿಗೆ ತೆರದ ಹಣವನ್ನು ಈ ಎಲ್ಲದಕ್ಕೆ ತೆರುತ್ತಿದ್ದನು. ಪುಕ್ಕಟೆ ನೀರಿನ ಬೆಲೆ ಅಲ್ಲಿತ್ತು.

ಇಷ್ಟಾದರೂ ಅವನು ಕಣಿವೆಯನ್ನು ಬಿಡಲಿಲ್ಲ. 1816ರಿಂದ 1820ರ ನಡುವೆ 32 ಅಡಿ ವ್ಯಾಸದ, ಸುಮಾರು 100 ಅಶ್ವಶಕ್ತಿಯ ಕಬ್ಬಿಣದ ನೀರುಚಕ್ರವನ್ನು ಕೂಡಿಸಿದನು. ನೀರು ಬೀಳುವ ಎತ್ತರವನ್ನು ಹೆಚ್ಚಿಸಲು ಚಕ್ರವನ್ನು ಆಳದಲ್ಲಿ ನಿಲ್ಲಿಸಿ, ಅದರ ಕೆಳಗಿನಿಂದ ಹೊರಬೀಳುವ ನೀರನ್ನು ನದಿಯ ಕೆಳಭಾಗಕ್ಕೆ ಸುರಂಗದಲ್ಲಿ ಸಾಗಿಸಿದರು. ಈ ನಿರ್ಧಾರವನ್ನು ಹಠವೆಂದು ಕರೆಯುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಅದು ಲೆಕ್ಕಾಚಾರದ ನಿರ್ಧಾರವೇ. ಅಡ್ಡಗಟ್ಟೆ, ಕಾಲುವೆ, ಮಕ್ಕಳ ಮನೆ, ಕಟ್ಟಡ ಇವುಗಳಲ್ಲಿ ಹೂಡಿದ ಹಣವನ್ನು ಕಿತ್ತು ನಗರಕ್ಕೆ ಒಯ್ಯಲು ಬರುವುದಿಲ್ಲ. ಕಣಿವೆಯಲ್ಲಿ ಇನ್ನೊಂದಿಷ್ಟು ಹಣ ಹಾಕಿ ಹೆಚ್ಚು ಶಕ್ತಿ ಪಡೆಯುವುದಕ್ಕೂ, ಎಲ್ಲವನ್ನೂ ಬಿಟ್ಟು ಹೊಸದಾಗಿ ಆರಂಭಿಸುವುದಕ್ಕೂ ನಡುವಿನ ಆಯ್ಕೆ ಅವನದಾಗಿತ್ತು. ಒಮ್ಮೆ ಕಲ್ಲುಗಾರೆಯಾದ ಬಂಡವಾಳ ಮುಂದಿನ ನಿರ್ಧಾರಗಳನ್ನು ತಾನೇ ನಡೆಸತೊಡಗುತ್ತದೆ. ಅವನ ಲೆಕ್ಕ ಹುಸಿಯಾಗಲಿಲ್ಲ: ಆ ಚಕ್ರ 1904ರವರೆಗೆ ತಿರುಗಿತು.

ಸಂಘಟನೆ ಎಂಬ ನಾಲ್ಕನೆಯ ಅಂಗ ಕೆಲಸ ಮಾಡಿದ್ದು ಇಂಥ ಕಡೆಗಳಲ್ಲಿ. 1790ರ ದಶಕದಲ್ಲಿ ಯಂತ್ರಜ್ಞಾನವಿದ್ದ ಒಬ್ಬನನ್ನು ಪಾಲುದಾರನಾಗಿ ಸೇರಿಸಿಕೊಂಡು ತಾನು ವ್ಯಾಪಾರವನ್ನು ನೋಡಿಕೊಂಡದ್ದು ಸ್ಥಾಪಕನ ಒಳ್ಳೆಯ ನಿರ್ಧಾರಗಳಲ್ಲೊಂದು.

1820ರ ದಶಕದಲ್ಲಿ ಮೊದಲು ಬಿಟ್ಟಿದ್ದ ದಾರಿಗೇ ಅವನು ಬಂದನು. ಕುಟುಂಬಗಳಿಗೆಂದು ಸಾಲುಮನೆಗಳನ್ನು ಕಟ್ಟಿಸಿದನು. ಮನೆ, ಅಂಗಡಿ, ಪ್ರಾರ್ಥನಾ ಮಂದಿರ, ಶಾಲೆ ಎಲ್ಲವೂ ಗಿರಣಿಯ ಸುತ್ತ ಬೆಳೆದು ಅದೊಂದು ಊರೇ ಆಯಿತು. ಕರಾರುಪತ್ರದ ಬದಲು ಈಗ ಜನರನ್ನು ಹಿಡಿದಿಟ್ಟದ್ದು ಮನೆ: ಗಿರಣಿಯ ಕೆಲಸ ಬಿಟ್ಟವನು ಗಿರಣಿಯ ಮನೆಯನ್ನೂ ಬಿಡಬೇಕಾಗುತ್ತಿತ್ತು. 1830ರ ದಶಕದಲ್ಲಿ ಮಗನ ಕೈಗೆ ಆಡಳಿತ ಬಂದು ಯಂತ್ರಮಗ್ಗಗಳು ಸೇರಿದಾಗ ಜನರ ಅಗತ್ಯ ಮತ್ತೆ ಹೆಚ್ಚಿತು. ಬಡವರಿಗೆ ಕೊಡುವ ನೆರವನ್ನು ಬಿಗಿಗೊಳಿಸಿದ 1834ರ ಬಡವರ ಕಾನೂನು ಜಾರಿಗೆ ಬಂದ ವರ್ಷವೇ ದಕ್ಷಿಣದ ಹಳ್ಳಿಗಳಲ್ಲಿ ಕೆಲಸವಿಲ್ಲದೆ ಕುಳಿತ ಕೃಷಿಕೂಲಿ ಕುಟುಂಬಗಳನ್ನು ಉತ್ತರದ ಗಿರಣಿಗಳಿಗೆ ಕಳಿಸಿಕೊಡಬೇಕೆಂದು ಮಗನು ಅಧಿಕಾರಿಗಳಿಗೆ ಪತ್ರ ಬರೆದನು. ಗಿರಣಿ ಆರಂಭವಾಗಿ ಐವತ್ತು ವರ್ಷವಾದರೂ ಮೊದಲ ದಿನದ ಸಮಸ್ಯೆ ಪೂರ್ತಿ ತೀರಿರಲಿಲ್ಲ.

ಈ ಪ್ರಕರಣದಿಂದ ತಿಳಿಯುವುದು

ಕಾರ್ಖಾನೆ ಹುಟ್ಟಿದ್ದು ಯಂತ್ರದಿಂದ ಎಂಬ ಮಾತು ಅರ್ಧ ಮಾತ್ರ ನಿಜ. ಯಂತ್ರ ಯಾವ ಶಕ್ತಿಯನ್ನು ಕೇಳಿತು, ಆ ಶಕ್ತಿ ಎಲ್ಲಿ ಸಿಕ್ಕಿತು, ಅಲ್ಲಿ ಯಾರು ದುಡಿಯಲು ಸಿಕ್ಕರು ಎಂಬ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡೇ ಗಿರಣಿಯ ರೂಪವನ್ನು ನಿರ್ಧರಿಸಿದವು. ಅದೇ ವಾಟರ್ ಫ್ರೇಮ್ ಹತ್ತು ವರ್ಷ ತಡವಾಗಿ ಬಂದಿದ್ದರೆ ಮೊದಲ ತಲೆಮಾರಿನ ಗಿರಣಿಗಳು ಬಹುಶಃ ಕಣಿವೆಗಳ ಬದಲು ಕಲ್ಲಿದ್ದಲಿನ ಕಾಲುವೆಗಳ ದಂಡೆಯಲ್ಲಿಯೇ ಏಳುತ್ತಿದ್ದವು. ಆಗ ದೂರದಿಂದ ಮಕ್ಕಳನ್ನು ತರುವ ಅಗತ್ಯ ಇಷ್ಟಿರುತ್ತಿರಲಿಲ್ಲ. ನಗರದ ಬಡವರ ಮಕ್ಕಳು ತಂದೆತಾಯಿಗಳ ಜೊತೆಯಲ್ಲಿಯೇ ಗಿರಣಿಗೆ ಬರುತ್ತಿದ್ದರು, ಮುಂದೆ ಬಂದದ್ದೂ ಹಾಗೆಯೇ.

ಎರಡನೆಯದಾಗಿ, ಒಂದು ಅಂಗವನ್ನು ಇನ್ನೊಂದರ ಬದಲಿಗೆ ಬಳಸುವುದನ್ನು ಪಠ್ಯಗಳು ಸಲೀಸಾಗಿ ಹೇಳುತ್ತವೆ. ಇಲ್ಲಿ ಆ ಬದಲಾವಣೆಯ ಒಂದೊಂದು ಹೆಜ್ಜೆಗೂ ಹತ್ತಾರು ವರ್ಷ ಹಿಡಿಯಿತು. ಹೆಜ್ಜೆ ಇಡುವಾಗಿನ ಭಾರವನ್ನು ಹೊತ್ತವರು ಚೌಕಾಶಿಗೆ ಶಕ್ತಿಯಿಲ್ಲದವರು. 1833ರ ಕಾರ್ಖಾನೆ ಕಾಯಿದೆಯು 9 ವರ್ಷದೊಳಗಿನ ಮಕ್ಕಳನ್ನು ಬಟ್ಟೆಗಿರಣಿಗಳಿಂದ ಹೊರಗಿಟ್ಟು, ನಾಲ್ವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿದ ಮೇಲೆಯೇ ಮಕ್ಕಳ ಶ್ರಮದ ಅಗ್ಗತನ ಕರಗತೊಡಗಿತು. ಮಾಲೀಕನ ಒಳ್ಳೆಯತನಕ್ಕೆ ಸಾಧ್ಯವಾಗದಿದ್ದುದು ಕಾನೂನಿನಿಂದ ಸಾಧ್ಯವಾಯಿತು. ನಮ್ಮ ಗಿರಣಿಯಲ್ಲಿ ಅಪ್ರೆಂಟಿಸ್ ವ್ಯವಸ್ಥೆ 1847ರಲ್ಲಿ ಕೊನೆಗೊಂಡಿತು.

ಹೆಂಗಸರಿಗೂ ಹದಿಹರೆಯದವರಿಗೂ ದಿನಕ್ಕೆ 10 ಗಂಟೆಯ ಮಿತಿ ಹಾಕಿದ ಕಾಯಿದೆ ಅಂಗೀಕಾರವಾದದ್ದೂ ಅದೇ ವರ್ಷ. ಅದಕ್ಕೆ ಮುನ್ನ ಹತ್ತು ವರ್ಷಗಳಷ್ಟು ಹಿಂದೆಯೇ ಮಗನು ಇಂಥ ಮಿತಿಯನ್ನು ಬಹಿರಂಗವಾಗಿ ವಿರೋಧಿಸಿದ್ದನು. ಅರ್ಥಶಾಸ್ತ್ರಜ್ಞ ನಾಸೋ ಸೀನಿಯರ್ 1837ರಲ್ಲಿ, ಗಿರಣಿಯ ನಿವ್ವಳ ಲಾಭವೆಲ್ಲ ದಿನದ ಕೊನೆಯ ಗಂಟೆಯಿಂದ ಬರುತ್ತದೆ, ಆ ಗಂಟೆಯನ್ನು ಕಿತ್ತುಕೊಂಡರೆ ಲಾಭವೇ ಇಲ್ಲವಾಗುತ್ತದೆ ಎಂದು ವಾದಿಸಿದ್ದನು. ಕಟ್ಟಡ, ಚಕ್ರ, ಸುರಂಗ, ಸಾಲುಮನೆಗಳಲ್ಲಿ ಹಣ ಹುಗಿದಿದ್ದವರಿಗೆ ಆ ವಾದ ಹಿತವಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಯಂತ್ರ ನಿಂತ ಪ್ರತಿ ಗಂಟೆಯೂ ಅವರಿಗೆ ನಷ್ಟವಾಗಿಯೇ ಕಾಣುತ್ತಿತ್ತು. ಕಾಯಿದೆ ಜಾರಿಗೆ ಬಂತು. ಕಣಿವೆಯ ಆ ಗಿರಣಿ 1894ರವರೆಗೆ ನೂಲು ತೆಗೆಯಿತು, ಆಮೇಲೆ 1959ರವರೆಗೆ ಬಟ್ಟೆ ನೇಯಿತು.